ಏಳು ವರ್ಷವೆಂದರೆ ಏಳೇ ವರ್ಷ: ಒಲಿವಿಯಾ ಡಿ ಹ್ಯಾವಿಲೆಂಡ್

ಒಬ್ಬರು: ಒಲಿವಿಯಾ ಡಿ ಹ್ಯಾವಿಲೆಂಡ್ ಎಂದೊಡನೆ ಕಣ್ಣ ಮುಂದೆ ಬರುವುದು ‘ಗಾನ್ ವಿತ್ ದಿ ವಿಂಡ್’ ಚಿತ್ರದ ಮೆಲನಿ. ತಗ್ಗಿದ ದನಿ, ಮೆದು ಮಾತು, ಯಾರ ಮನಸ್ಸನ್ನೂ ನೋಯಿಸದ ಹೆಣ್ಣು. ಅಂಥ ಪಾತ್ರದಿಂದ ಮನೆಮಾತಾದ ನಟಿಯ ಹೆಸರು ಕ್ಯಾಲಿಫೋರ್ನಿಯಾದ ವಕೀಲರ ಬಾಯಲ್ಲಿ ಇಂದಿಗೂ ಓಡಾಡುತ್ತಿದೆಯಲ್ಲ, ಅದು ಹೇಗೆ?

ಮತ್ತೊಬ್ಬರು: ಏಳು ವರ್ಷದ ಕರಾರು ಏಳು ವರ್ಷಕ್ಕೆ ಮುಗಿಯಬೇಕು ಎಂದು ಅವರು ಹಟ ಹಿಡಿದರು. ಕೇಳುವುದಕ್ಕೆ ಇದು ವಾದವೇ ಅಲ್ಲ, ಬರಿಯ ಲೆಕ್ಕ. ಆದರೆ 1943ರ ಹಾಲಿವುಡ್‌ನಲ್ಲಿ ಆ ಲೆಕ್ಕವನ್ನು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಿದವರು ಅವರು, ಹೇಳಿ ಗೆದ್ದವರೂ ಅವರೇ. ಮೆಲನಿಯನ್ನು ಒಂದು ಕಡೆ, ಮೊಕದ್ದಮೆಯನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ ಈ ಬದುಕು ಅರ್ಥವಾಗುವುದಿಲ್ಲ. ಎರಡೂ ಒಂದೇ ಸ್ವಭಾವದಿಂದ ಹುಟ್ಟಿದ್ದು.

ಒಬ್ಬರು: ಹಾಗಾದರೆ ಮೊದಲಿನಿಂದ ನೋಡಬೇಕು. ಹುಟ್ಟಿದ್ದು ಅಮೆರಿಕದಲ್ಲಲ್ಲ.

ಮತ್ತೊಬ್ಬರು: ಜಪಾನಿನ ಟೋಕಿಯೊದಲ್ಲಿ, 1916ರ ಜುಲೈ 1ರಂದು. ತಂದೆ ವಾಲ್ಟರ್ ಡಿ ಹ್ಯಾವಿಲೆಂಡ್ ಇಂಗ್ಲಿಷರು. ಟೋಕಿಯೊದಲ್ಲಿ ಮೊದಲು ಇಂಗ್ಲಿಷ್ ಮೇಷ್ಟರಾಗಿದ್ದು, ಆಮೇಲೆ ಪೇಟೆಂಟ್ ವಕೀಲರಾದವರು. ತಾಯಿ ಲಿಲಿಯನ್ ಲಂಡನ್ನಿನಲ್ಲಿ ನಾಟಕ ಕಲಿತ ರಂಗನಟಿ. ಷೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ನಾಟಕದ ಒಲಿವಿಯಾಳ ಹೆಸರನ್ನೇ ಮಗಳಿಗೆ ಇಟ್ಟರು. ಮರುವರ್ಷ ಹುಟ್ಟಿದ ತಂಗಿ ಜೋನ್, ಮುಂದೆ ಜೋನ್ ಫಾಂಟೇನ್ ಎಂದು ಹೆಸರಾದ ನಟಿ. 1919ರಲ್ಲಿ ಕುಟುಂಬ ಜಪಾನ್ ಬಿಟ್ಟು ಹೊರಟಿತು. ಮಕ್ಕಳ ಆರೋಗ್ಯ ಕೆಟ್ಟು ಕ್ಯಾಲಿಫೋರ್ನಿಯಾದಲ್ಲಿ ಇಳಿದುಕೊಂಡರು, ತಾಯಿ ಮಕ್ಕಳು ಅಲ್ಲೇ ನೆಲೆಯಾದರು. ತಂದೆ ಜಪಾನಿಗೆ ಮರಳಿಬಿಟ್ಟರು. 1925ರಲ್ಲಿ ವಿಚ್ಛೇದನವೂ ಆಯಿತು.

ಒಬ್ಬರು: ಸಾರಾಟೋಗಾ ಎಂಬ ಸಣ್ಣ ಊರು. ಹಣ್ಣಿನ ತೋಟಗಳ ಸೀಮೆ.

ಮತ್ತೊಬ್ಬರು: ಹೌದು. ಅಲ್ಲಿ ತಾಯಿ ಜಾರ್ಜ್ ಫಾಂಟೇನ್ ಎಂಬವರನ್ನು ಮರುಮದುವೆಯಾದರು. ಮಲತಂದೆ ಬಲು ಕಟ್ಟುನಿಟ್ಟಿನ ಮನುಷ್ಯ. ತಾಯಿ ಮನೆಯಲ್ಲಿ ಮಕ್ಕಳಿಗೆ ಉಚ್ಚಾರ, ವಾಚಿಕ ಕಲಿಸುತ್ತಿದ್ದರೆ, ಮಲತಂದೆಗೆ ಶಾಲೆಯ ನಾಟಕವೂ ಆಗದು. ಶಾಲೆಯಲ್ಲಿ ‘ಪ್ರೈಡ್ ಆಂಡ್ ಪ್ರೆಜುಡಿಸ್’ ಆಡುವಾಗ ಒಲಿವಿಯಾಗೆ ಎಲಿಜಬೆತ್ ಬೆನೆಟ್‌ಳ ಪಾತ್ರ ಸಿಕ್ಕಿತು. ನಾಟಕ ಬೇಕೋ ಮನೆ ಬೇಕೋ ಎಂಬ ಮಾತು ಬಂತು. ಹುಡುಗಿ ನಾಟಕವನ್ನು ಆರಿಸಿಕೊಂಡು, ಪರಿಚಿತರೊಬ್ಬರ ಮನೆಗೆ ಹೋಗಿ ಉಳಿದಳು. ಕೂಗಾಡಿದ್ದಲ್ಲ, ಜಗಳವಾಡಿದ್ದಲ್ಲ. ಒಪ್ಪಿಕೊಂಡ ಕೆಲಸವನ್ನು ಬಿಡುವುದಿಲ್ಲ ಎಂದು ಎದ್ದು ಹೊರಟದ್ದು. ಈ ರೀತಿ ಮುಂದೆಯೂ ಬದಲಾಗಲಿಲ್ಲ.

ಒಬ್ಬರು: ಸಿನಿಮಾಕ್ಕೆ ಬಂದದ್ದು ಷೇಕ್ಸ್‌ಪಿಯರ್‌ನ ಕೈ ಹಿಡಿದೇ ಅಲ್ಲವೆ?

ಮತ್ತೊಬ್ಬರು: ಅದು ಅದೃಷ್ಟದ ಸರಣಿ. 1934ರಲ್ಲಿ ಆಸ್ಟ್ರಿಯಾದ ಮಹಾನ್ ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕವನ್ನು ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಆಡಿಸಲು ಬಂದಿದ್ದರು. ಅದೇ ನಾಟಕವನ್ನು ಊರಿನ ಹವ್ಯಾಸಿ ತಂಡದಲ್ಲಿ ಆಡಿದ್ದ ಒಲಿವಿಯಾ, ಹರ್ಮಿಯಾ ಪಾತ್ರಕ್ಕೆ ಬದಲಿ ನಟಿಯಾಗಿ ಸೇರಿದರು. ಬದಲಿಗೂ ಬದಲಿ, ಅಂದರೆ ಸರದಿಯಲ್ಲಿ ಮೂರನೆಯವರು. ಮುಖ್ಯ ನಟಿ ಗ್ಲೋರಿಯಾ ಸ್ಟುವರ್ಟ್ ಸಿನಿಮಾ ಅವಕಾಶ ಬಂದು ಹೊರಟುಹೋದರು, ಮೊದಲ ಬದಲಿ ನಟಿಯೂ ಹೋದರು. ಹದಿನೆಂಟರ ಒಲಿವಿಯಾ ರಂಗಕ್ಕೆ ಬಂದರು.

ಒಬ್ಬರು: ಕಾಲೇಜು?

ಮತ್ತೊಬ್ಬರು: ಮಿಲ್ಸ್ ಕಾಲೇಜಿನ ವಿದ್ಯಾರ್ಥಿವೇತನ ಕೈಯಲ್ಲಿತ್ತು, ಮೇಷ್ಟರಾಗುವ ಯೋಚನೆಯಿತ್ತು. ಆದರೆ ಅದೇ ನಾಟಕವನ್ನು ವಾರ್ನರ್ ಬ್ರದರ್ಸ್ ಸಿನಿಮಾ ಮಾಡಲು ಹೊರಟಿತು, ರೈನ್‌ಹಾರ್ಟ್ ಆಕೆಯೇ ಬೇಕೆಂದರು. 1934ರ ನವೆಂಬರಿನಲ್ಲಿ ಮೊದಲ ಕರಾರಿಗೆ ಸಹಿ ಬಿತ್ತು. 1936ರ ಏಪ್ರಿಲಿನಲ್ಲಿ ಎರಡನೆಯದು: ಏಳು ವರ್ಷದ್ದು, ಆರಂಭದ ಸಂಬಳ ವಾರಕ್ಕೆ 500 ಡಾಲರ್. ಮುಂದಿನ ಕಥೆಗೆಲ್ಲ ಈ ಎರಡನೆಯ ಕರಾರೇ ಮೂಲ.

ಒಬ್ಬರು: ವಾರ್ನರ್ ಕಾಲದ ಚಿತ್ರಗಳಲ್ಲಿ ನೋಡುಗರ ಮನಸ್ಸಿನಲ್ಲಿ ಉಳಿದದ್ದು ಎರೊಲ್ ಫ್ಲಿನ್ ಜೊತೆಯ ಜೋಡಿ.

ಮತ್ತೊಬ್ಬರು: ಒಟ್ಟು ಎಂಟು ಚಿತ್ರ. ಮೊದಲನೆಯದು 1935ರ ‘ಕ್ಯಾಪ್ಟನ್ ಬ್ಲಡ್’. ಟಾಸ್ಮೇನಿಯಾದಿಂದ ಬಂದ ಫ್ಲಿನ್ ಆಗ ಯಾರಿಗೂ ಗೊತ್ತಿರಲಿಲ್ಲ, ಒಲಿವಿಯಾಗೆ ಹತ್ತೊಂಬತ್ತು. ಆ ಒಂದು ಚಿತ್ರ ಇಬ್ಬರನ್ನೂ ತಾರೆಗಳಾಗಿಸಿತು. ಎಂಟರಲ್ಲಿ ಶ್ರೇಷ್ಠವಾದದ್ದು 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’. ಟೆಕ್ನಿಕಲರ್‌ನ ಹಸಿರು ಕೆಂಪು, ಕೋರ್ನ್‌ಗೋಲ್ಡ್‌ನ ಸಂಗೀತ, ಅದರ ನಡುವೆ ಮೇಡ್ ಮೇರಿಯನ್ ಆಗಿ ಒಲಿವಿಯಾ. ಕೊನೆಯದು 1941ರ ‘ದೇ ಡೈಡ್ ವಿತ್ ದೇರ್ ಬೂಟ್ಸ್ ಆನ್’. ಯುದ್ಧಕ್ಕೆ ಹೊರಟ ಗಂಡನನ್ನು ಹೆಂಡತಿ ಬೀಳ್ಕೊಡುವ ಅದರ ದೃಶ್ಯದಲ್ಲಿ ಇಬ್ಬರೂ ಮರಳಿ ಸಿಗುವುದಿಲ್ಲವೆಂದು ತಿಳಿದೂ ತಿಳಿಯದವರಂತೆ ಮಾತಾಡುತ್ತಾರೆ. ಆ ಜೋಡಿ ತೆರೆಯ ಮೇಲೆ ಮತ್ತೆ ನಾಯಕ ನಾಯಕಿಯಾಗಿ ಬರಲಿಲ್ಲ ಎಂದು ಗೊತ್ತಿದ್ದು ನೋಡಿದರೆ ಆ ದೃಶ್ಯ ಇನ್ನಷ್ಟು ಕಲಕುತ್ತದೆ.

ಒಬ್ಬರು: 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಭಾರತದಲ್ಲಿ ನಡೆಯುವ ಕಥೆ.

ಮತ್ತೊಬ್ಬರು: ಭಾರತದ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಥೆ. ಸೂರತ್ ಖಾನ್ ಎಂಬ ಕಲ್ಪಿತ ದೊರೆ, ಚುಕೋಟಿ ಎಂಬ ಕಲ್ಪಿತ ಕೋಟೆ. 1857ರ ಕಾನ್ಪುರದ ಹತ್ಯೆಯನ್ನು ಹೋಲುವ ಘಟನೆಯೊಂದನ್ನು ತೋರಿಸಿ, ಅದರ ಸೇಡಿಗಾಗಿ 1854ರ ಬಾಲಕ್ಲಾವಾ ಯುದ್ಧ ನಡೆಯಿತು ಎನ್ನುವಷ್ಟು ಇತಿಹಾಸವನ್ನು ತಿರುಗುಮುರುಗು ಮಾಡಿದ ಚಿತ್ರ. ಅದರಲ್ಲಿ ಒಲಿವಿಯಾಗೆ ಸಿಕ್ಕಿದ್ದು ಅಣ್ಣ ತಮ್ಮಂದಿರಿಬ್ಬರೂ ಪ್ರೀತಿಸುವ ಹುಡುಗಿಯ ಪಾತ್ರ, ಕೆಲಸ ಕಡಿಮೆ. ತೊಂದರೆ ಇದ್ದದ್ದು ಇಲ್ಲಿಯೇ. ನಾಯಕ ಕತ್ತಿ ಹಿಡಿದು ಗೆಲ್ಲಬೇಕು, ನಾಯಕಿ ಕಾದು ನಿಲ್ಲಬೇಕು. ಚೆಲುವೆ, ಸಂಭಾವಿತೆ ಎಂದು ಸ್ಟುಡಿಯೊ ಒಂದು ಅಚ್ಚು ಮಾಡಿಟ್ಟುಕೊಂಡಿತ್ತು, ಪ್ರತಿ ಚಿತ್ರದಲ್ಲೂ ಅದೇ ಅಚ್ಚಿಗೆ ಸುರಿಯುತ್ತಿತ್ತು.

ಒಬ್ಬರು: ಮೆಲನಿಯೂ ಅದೇ ಅಚ್ಚಿನವಳಲ್ಲವೆ?

ಮತ್ತೊಬ್ಬರು: ಹೊರಗಿನಿಂದ ನೋಡಿದರೆ ಹೌದು. ಎಲ್ಲರೂ ನಾಯಕಿ ಸ್ಕಾರ್ಲೆಟ್ ಆಗಲು ಹಾತೊರೆಯುತ್ತಿದ್ದಾಗ ಮೆಲನಿಯೇ ಬೇಕು ಎಂದು ಕೇಳಿದವರು ಒಲಿವಿಯಾ. ಚಿತ್ರ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್‌ರದು, ನಟಿ ವಾರ್ನರ್‌ಗೆ ಸೇರಿದವರು. ಎರವಲು ಕೊಡಲು ಸ್ಟುಡಿಯೊದ ಯಜಮಾನ ಜಾಕ್ ವಾರ್ನರ್ ಒಪ್ಪಲಿಲ್ಲ. ಒಲಿವಿಯಾ ನೇರವಾಗಿ ಅವರ ಹೆಂಡತಿ ಆನ್ ಅವರನ್ನು ಚಹಾಕ್ಕೆ ಕರೆದು ಮಾತಾಡಿದರು, ದಾರಿ ತೆರೆಯಿತು. ಆ ಪಾತ್ರದಲ್ಲಿ ಬೇರೆಯವರಿಗೆ ಕಾಣದ್ದು ಅವರಿಗೆ ಕಂಡಿತ್ತು. ಹೆರಿಗೆಯ ಆಯಾಸ ಇನ್ನೂ ಮೈಯಲ್ಲಿರುವಾಗ, ಮನೆಗೆ ನುಗ್ಗಿದ ಸೈನಿಕನ ಸದ್ದು ಕೇಳಿ ಮೆಲನಿ ಎತ್ತಲಾರದ ಕತ್ತಿಯನ್ನು ಎಳೆದುಕೊಂಡು ಮೆಟ್ಟಿಲ ತಲೆಗೆ ಬರುತ್ತಾಳೆ. ಅಷ್ಟರಲ್ಲಿ ಸ್ಕಾರ್ಲೆಟ್ ಅವನನ್ನು ಕೊಂದಿರುತ್ತಾಳೆ. ಮೆಲನಿ ಚೀರುವುದಿಲ್ಲ, ಉಪದೇಶ ಮಾಡುವುದಿಲ್ಲ. ಹೊರಗಿನವರಿಗೆ ಸಲೀಸಾಗಿ ಒಂದು ಸುಳ್ಳು ಹೇಳಿ, ಹೆಣದ ಜೇಬು ನೋಡೋಣವೆನ್ನುತ್ತಾಳೆ. ಊರು ದೂರವಿಟ್ಟ ವೇಶ್ಯೆಯ ಹಣವನ್ನು ಆಸ್ಪತ್ರೆಗಾಗಿ ಎಲ್ಲರೆದುರು ಗೌರವದಿಂದ ಸ್ವೀಕರಿಸುವವಳೂ ಅವಳೇ. ಒಲಿವಿಯಾ ಈ ಗಟ್ಟಿತನವನ್ನು ಎಲ್ಲಿಯೂ ಎತ್ತಿ ತೋರಿಸದೆ, ನಯದ ಒಳಗೇ ಇಟ್ಟು ನಟಿಸಿದರು. ಮೆಲನಿ ಪೆದ್ದು ಎಂದು ತಿಳಿದವರು ಚಿತ್ರವನ್ನು ಅರ್ಧ ನೋಡಿದವರು.

ಒಬ್ಬರು: ಗುಲಾಮಗಿರಿಯ ಕಾಲವನ್ನು ಸಿಹಿ ನೆನಪಿನಂತೆ ತೋರಿಸಿದ ಚಿತ್ರ ಎಂಬ ಆಕ್ಷೇಪ ಅದರ ಮೇಲೆ ಇದೆ.

ಮತ್ತೊಬ್ಬರು: ಆಕ್ಷೇಪ ನ್ಯಾಯವಾದದ್ದು. ಅದನ್ನು ಮರೆತು ಆ ಚಿತ್ರವನ್ನು ಹೊಗಳಲಾಗದು. 1939ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನವಾದಾಗ ಮ್ಯಾಮಿ ಪಾತ್ರದ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ ವರ್ಣಭೇದದ ಕಾರಣದಿಂದ ಅಲ್ಲಿಗೆ ಬರಲಾಗಲಿಲ್ಲ. ಮರುವರ್ಷ ಪೋಷಕ ನಟಿಯ ಆಸ್ಕರ್‌ಗೆ ಒಲಿವಿಯಾ, ಹ್ಯಾಟಿ ಇಬ್ಬರೂ ನಾಮನಿರ್ದೇಶನಗೊಂಡಿದ್ದರು. ಗೆದ್ದವರು ಹ್ಯಾಟಿ, ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್. ಆ ರಾತ್ರಿಯೂ ಅವರನ್ನು ಚಿತ್ರತಂಡದಿಂದ ಬೇರೆ ಮೇಜಿನಲ್ಲಿ ಕೂರಿಸಿದ್ದರು. ಒಲಿವಿಯಾಗೆ ಸೋಲು ಆಗ ಬಹಳ ನೋವು ತಂದಿತು. ಹ್ಯಾಟಿಗೆ ಬಂದದ್ದೇ ಸರಿ ಎಂದು ಮನಸ್ಸು ತಿಳಿಯಾಗಲು ಕೆಲವು ದಿನ ಹಿಡಿಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಒಬ್ಬರು: ಮೆಲನಿಯ ನಂತರ ವಾರ್ನರ್ ಸ್ಟುಡಿಯೊದಲ್ಲಿ ಒಳ್ಳೆಯ ಪಾತ್ರ ಸಿಗಬೇಕಿತ್ತಲ್ಲ?

ಮತ್ತೊಬ್ಬರು: ಸಿಗಲಿಲ್ಲ. ಮತ್ತೆ ಅದೇ ಕಾದು ನಿಲ್ಲುವ ನಾಯಕಿ. ‘ದಿ ಸ್ಟ್ರಾಬೆರಿ ಬ್ಲಾಂಡ್’ನಂಥ ಒಂದೆರಡು ಲವಲವಿಕೆಯ ಚಿತ್ರ ಬಿಟ್ಟರೆ ಮೆಚ್ಚಿಗೆ ತಂದ ಪಾತ್ರಗಳು ಎರವಲು ಹೋದಾಗಲೇ ಬಂದವು. 1941ರಲ್ಲಿ ಪ್ಯಾರಮೌಂಟ್‌ಗಾಗಿ ಮಾಡಿದ ‘ಹೋಲ್ಡ್ ಬ್ಯಾಕ್ ದಿ ಡಾನ್’ ಚಿತ್ರಕ್ಕೆ ಶ್ರೇಷ್ಠ ನಟಿಯ ನಾಮನಿರ್ದೇಶನ ಬಂತು. ಅದೇ ವರ್ಷ ತಂಗಿ ಜೋನ್ ‘ಸಸ್ಪಿಶನ್’ ಚಿತ್ರಕ್ಕೆ ಸ್ಪರ್ಧೆಯಲ್ಲಿದ್ದರು, ಪ್ರಶಸ್ತಿ ಅವರಿಗೆ ಹೋಯಿತು.

ಒಬ್ಬರು: ಅಕ್ಕ ತಂಗಿಯರ ವೈಮನಸ್ಸಿನ ಕಥೆ ಪತ್ರಿಕೆಗಳಿಗೆ ದಶಕಗಳ ಕಾಲ ಮೇವಾಯಿತು.

ಮತ್ತೊಬ್ಬರು: ಆಯಿತು. ಇಬ್ಬರೂ ಶ್ರೇಷ್ಠ ನಟಿಯ ಆಸ್ಕರ್ ಗೆದ್ದ ಅಕ್ಕ ತಂಗಿಯರು ಇವರಿಬ್ಬರೇ. ಮನಸ್ತಾಪ ಬಾಲ್ಯದಿಂದಲೇ ಇತ್ತು, ಕೊನೆಯ ಹಲವು ವರ್ಷ ಮಾತೂ ಇರಲಿಲ್ಲ. ಅದಕ್ಕಿಂತ ಹೆಚ್ಚು ಹೇಳಿದರೆ ಮನೆಯೊಳಗಿನ ಮಾತಿಗೆ ಹೊರಗಿನವರು ತೀರ್ಪು ಕೊಟ್ಟಂತಾಗುತ್ತದೆ. ನಟನೆಯ ವಿಚಾರಕ್ಕೆ ಅದರಿಂದ ತಿಳಿಯುವುದು ಬಹಳ ಕಡಿಮೆ.

ಒಬ್ಬರು: ಸರಿ. ಈಗ ಮೊಕದ್ದಮೆ. ಸ್ಟುಡಿಯೊ ಕರಾರು ನಟರನ್ನು ಕಟ್ಟಿಹಾಕುತ್ತಿದ್ದುದು ಯಾವ ಬಗೆಯಲ್ಲಿ?

ಮತ್ತೊಬ್ಬರು: ಕರಾರು ಮೊದಲಿಗೆ ಒಂದು ವರ್ಷದ್ದು, ಅದನ್ನು ಆರು ಸಲ ಮುಂದುವರಿಸುವ ಹಕ್ಕು ಸ್ಟುಡಿಯೊದ್ದು. ಬೇಡವೆಂದರೆ ಸ್ಟುಡಿಯೊ ಕೈಬಿಡಬಹುದು, ನಟಿ ಬಿಟ್ಟುಹೋಗುವಂತಿಲ್ಲ. ಯಾವ ಚಿತ್ರ, ಯಾವ ಪಾತ್ರ, ಯಾರ ಜೊತೆ ಎಂಬುದೆಲ್ಲ ಸ್ಟುಡಿಯೊದ ತೀರ್ಮಾನ. ಬೇರೆ ಸ್ಟುಡಿಯೊಗೆ ಹೆಚ್ಚಿನ ಹಣಕ್ಕೆ ಎರವಲು ಕೊಟ್ಟು, ನಟಿಗೆ ಮಾಮೂಲು ಸಂಬಳ ಕೊಟ್ಟು, ಉಳಿದದ್ದನ್ನು ಇಟ್ಟುಕೊಳ್ಳುವುದು ವಾಡಿಕೆ. ಪಾತ್ರ ಒಪ್ಪದಿದ್ದರೆ ಅಮಾನತು. ಆ ಪಾತ್ರವನ್ನು ಬೇರೊಬ್ಬರು ಮಾಡಿ ಮುಗಿಸುವವರೆಗೆ ಸಂಬಳವಿಲ್ಲ, ಬೇರೆಲ್ಲೂ ದುಡಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಅಮಾನತಿನಲ್ಲಿ ಕಳೆದ ದಿನಗಳು ಕರಾರಿನ ಕೊನೆಗೆ ಸೇರಿಕೊಳ್ಳುತ್ತಿದ್ದವು.

ಒಬ್ಬರು: ಅಂದರೆ ಬೇಡ ಎಂದಷ್ಟೂ ಬಂಧನ ಉದ್ದವಾಗುತ್ತದೆ.

ಮತ್ತೊಬ್ಬರು: ತೀರಿಸಿದಷ್ಟೂ ತೀರದ ಸಾಲಕ್ಕೆ ದುಡಿಯುವುದನ್ನು ಕನ್ನಡದಲ್ಲಿ ಜೀತ ಎನ್ನುತ್ತಾರೆ. ವಾರಕ್ಕೆ ನೂರಾರು ಡಾಲರ್ ಪಡೆಯುವ ತಾರೆಗೆ ಆ ಮಾತು ಹೊಂದದು ಎನಿಸಬಹುದು. ಸಂಬಳದ ಗಾತ್ರ ನೋಡಿದರೆ ಹೊಂದದು ನಿಜ. ಬಿಡುಗಡೆಯ ದಿನವನ್ನು ಯಜಮಾನನೇ ಮುಂದೂಡುತ್ತ ಹೋಗಬಹುದು ಎಂಬ ಅಂಶ ನೋಡಿದರೆ ಹೊಂದುತ್ತದೆ. ಕಾನೂನು ನೋಡಿದ್ದೂ ಆ ಅಂಶವನ್ನೇ.

ಒಬ್ಬರು: ಮೊದಲು ಯಾರೂ ಪ್ರಯತ್ನಿಸಿರಲಿಲ್ಲವೆ?

ಮತ್ತೊಬ್ಬರು: ಇದೇ ವಾರ್ನರ್ ಸ್ಟುಡಿಯೊದ ಬೆಟಿ ಡೇವಿಸ್ 1936ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ನಟಿಸಲು ಹೊರಟಾಗ ವಾರ್ನರ್ ಲಂಡನ್ನಿನ ಕೋರ್ಟಿನಲ್ಲಿ ಅವರನ್ನು ತಡೆಯಿತು. ಅವರು ಸೋತು ಮರಳಿದರು. ಆ ಸೋಲು ಎಲ್ಲರಿಗೂ ಎಚ್ಚರಿಕೆಯಂತಿತ್ತು. ಒಲಿವಿಯಾರ ಕರಾರು 1943ರ ಮೇ ತಿಂಗಳಲ್ಲಿ ಏಳು ವರ್ಷ ತುಂಬಿಸಿತು. ಅಮಾನತಿನ ದಿನ ಕೂಡಿಸಿ ಇನ್ನೂ ಸುಮಾರು ಆರು ತಿಂಗಳು ಬಾಕಿಯಿದೆ ಎಂದಿತು ಸ್ಟುಡಿಯೊ. ಮಾರ್ಟಿನ್ ಗ್ಯಾಂಗ್ ಎಂಬ ವಕೀಲರು ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2855ನೇ ಕಲಮನ್ನು ಮುಂದಿಟ್ಟರು. ವೈಯಕ್ತಿಕ ಸೇವೆಯ ಕರಾರನ್ನು ಏಳು ವರ್ಷದಾಚೆಗೆ ಯಾರ ಮೇಲೂ ಹೇರುವಂತಿಲ್ಲ ಎಂಬುದು ಅದರ ತಿರುಳು. ಆಗಸ್ಟಿನಲ್ಲಿ ಮೊಕದ್ದಮೆ ಹೂಡಲಾಯಿತು.

ಒಬ್ಬರು: ಆ ಕಲಮು ಸಿನಿಮಾದವರಿಗಾಗಿ ಮಾಡಿದ್ದೆ?

ಮತ್ತೊಬ್ಬರು: ಅಲ್ಲ. ಸಿನಿಮಾ ಹುಟ್ಟುವ ಮೊದಲೇ, 1872ರ ನಾಗರಿಕ ಸಂಹಿತೆಯಲ್ಲಿ ಅದರ ಬೇರು ಇದೆ. ಆಗ ಮಿತಿ ಎರಡೇ ವರ್ಷ. 1919ರಲ್ಲಿ ಐದಾಯಿತು, 1931ರಲ್ಲಿ ಏಳಾಯಿತು. ದುಡಿಯುವವನು ತನ್ನನ್ನು ಬಹುಕಾಲ ಒತ್ತೆಯಿಟ್ಟುಕೊಳ್ಳಬಾರದು ಎಂಬ ಉದ್ದೇಶದ ಕಾಯಿದೆ ಅದು. ಪ್ರಶ್ನೆ ಇದ್ದದ್ದು ಒಂದೇ ಪದದ ಮೇಲೆ: ‘ವರ್ಷ’ ಎಂದರೆ ಯಾವ ವರ್ಷ? ನಿಜವಾಗಿ ಕೆಲಸ ಮಾಡಿದ ದಿನಗಳನ್ನು ಮಾತ್ರ ಕೂಡಿಸಿದ ಏಳು ವರ್ಷ ಎಂದಿತು ವಾರ್ನರ್. ಗೋಡೆಯ ಮೇಲಿನ ಕ್ಯಾಲೆಂಡರಿನ ಏಳು ವರ್ಷ ಎಂದರು ಒಲಿವಿಯಾ.

ಒಬ್ಬರು: ಕೋರ್ಟು ಕ್ಯಾಲೆಂಡರನ್ನು ಒಪ್ಪಿತು.

ಮತ್ತೊಬ್ಬರು: ಮೊದಲ ನ್ಯಾಯಾಲಯವೇ ಒಪ್ಪಿತು. ವಾರ್ನರ್ ಮೇಲ್ಮನವಿಗೆ ಹೋಯಿತು. ಕ್ಯಾಲಿಫೋರ್ನಿಯಾದ ಎರಡನೇ ಜಿಲ್ಲೆಯ ಮೇಲ್ಮನವಿ ನ್ಯಾಯಾಲಯ 1944ರ ಡಿಸೆಂಬರಿನಲ್ಲಿ ಒಲಿವಿಯಾ ಪರವಾಗಿ ತೀರ್ಪು ಕೊಟ್ಟಿತು. ಇದು ಸಾರ್ವಜನಿಕ ಹಿತಕ್ಕಾಗಿ ಇರುವ ರಕ್ಷಣೆ, ನೌಕರ ತಾನಾಗಿ ಸಹಿ ಹಾಕಿ ಬಿಟ್ಟುಕೊಟ್ಟರೂ ಬಿಟ್ಟುಹೋಗುವಂಥದ್ದಲ್ಲ ಎಂದಿತು. ಆ ತೀರ್ಪಿನ ಬೆನ್ನೆಲುಬು ಇದೇ. ಕರಾರಿಗೆ ನೀನೇ ಒಪ್ಪಿದ್ದೆಯಲ್ಲ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. 1945ರ ಫೆಬ್ರುವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ವಿಚಾರಣೆಗೆ ಎತ್ತಿಕೊಳ್ಳಲು ಒಪ್ಪಲಿಲ್ಲ, ತೀರ್ಪು ಉಳಿಯಿತು.

ಒಬ್ಬರು: ಅಷ್ಟು ಕಾಲ ಅವರು ಏನು ಮಾಡುತ್ತಿದ್ದರು?

ಮತ್ತೊಬ್ಬರು: ಜಾಕ್ ವಾರ್ನರ್ ಇತರ ಸ್ಟುಡಿಯೊಗಳಿಗೆಲ್ಲ ಪತ್ರ ಬರೆದು ಈಕೆ ತಮ್ಮ ಕರಾರಿನಲ್ಲಿದ್ದಾಳೆ, ಕೆಲಸ ಕೊಡಬೇಡಿ ಎಂದಿದ್ದರು. ಹಾಗಾಗಿ ಸುಮಾರು ಎರಡು ವರ್ಷ ಯಾವ ಸ್ಟುಡಿಯೊದಲ್ಲೂ ಬಣ್ಣ ಹಚ್ಚಲಿಲ್ಲ. ಇಪ್ಪತ್ತೇಳು, ಇಪ್ಪತ್ತೆಂಟರ ವಯಸ್ಸು. ನಾಯಕಿಯೊಬ್ಬಳಿಗೆ ಆ ಎರಡು ವರ್ಷದ ಬೆಲೆ ಏನೆಂದು ಚಿತ್ರರಂಗ ಬಲ್ಲವರಿಗೆ ಹೇಳಬೇಕಿಲ್ಲ. ಮೊಕದ್ದಮೆಯ ಖರ್ಚು ಕೈಯಿಂದ. ಯುದ್ಧಕಾಲ ಅದು. ಅಲಾಸ್ಕಾ, ಪೆಸಿಫಿಕ್ ದ್ವೀಪಗಳ ಸೇನಾ ಆಸ್ಪತ್ರೆಗಳಿಗೆ ಹೋಗಿ ಗಾಯಾಳುಗಳ ಜೊತೆ ಕಾಲ ಕಳೆದರು. ಫಿಜಿಯಲ್ಲಿ ನ್ಯುಮೋನಿಯಾ ಬಂದು ತಾವೇ ಮಂಚ ಹಿಡಿದರು.

ಒಬ್ಬರು: ಈ ಒಂದು ತೀರ್ಪು ಸ್ಟುಡಿಯೊ ವ್ಯವಸ್ಥೆಯನ್ನು ಮುರಿಯಿತು ಎಂದು ಹೇಳುವುದುಂಟು.

ಮತ್ತೊಬ್ಬರು: ಒಂದೇ ಏಟಿಗೆ ಮುರಿಯಲಿಲ್ಲ. ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳನ್ನು ಮಾರಬೇಕೆಂಬ ದಾರಿಗೆ ತಂದದ್ದು 1948ರ ಪ್ಯಾರಮೌಂಟ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಟೆಲಿವಿಷನ್ ಬಂದು ಪ್ರೇಕ್ಷಕರನ್ನು ಮನೆಯಲ್ಲಿ ಕೂರಿಸಿತು. ಆದರೆ ಅಮಾನತೆಂಬ ಚಾಟಿ ಸ್ಟುಡಿಯೊದ ಕೈಯಿಂದ ಜಾರಿದ್ದು 1944ರಲ್ಲಿಯೇ. ಎಷ್ಟು ಸಲ ಬೇಡವೆಂದರೂ ಏಳನೆಯ ವರ್ಷದ ಕೊನೆಯ ದಿನ ಬಾಗಿಲು ತೆರೆಯುತ್ತದೆ ಎಂದು ಗೊತ್ತಾದ ಮೇಲೆ ಬೇಡ ಎನ್ನುವ ಧೈರ್ಯ ಇತರರಿಗೂ ಬಂತು. ಯುದ್ಧಕ್ಕೆ ಹೋಗಿದ್ದ ನಟರ ಕರಾರುಗಳಿಗೂ ಇದರಿಂದ ಉಪಯೋಗವಾಯಿತು. ತೀರ್ಪಿಗೆ ಡಿ ಹ್ಯಾವಿಲೆಂಡ್ ಕಾನೂನು ಎಂದೇ ಹೆಸರಾಯಿತು.

ಒಬ್ಬರು: ಗೆದ್ದು ಬಂದ ಮೇಲೆ ಅವರು ಯಾವ ಪಾತ್ರಗಳನ್ನು ಆರಿಸಿಕೊಂಡರು ಎಂಬುದು ನಿಜವಾದ ಪರೀಕ್ಷೆ.

ಮತ್ತೊಬ್ಬರು: ಆ ಪರೀಕ್ಷೆಯ ಉತ್ತರ ನಾಲ್ಕೇ ವರ್ಷದಲ್ಲಿ ಬಂತು. 1946ರ ‘ಟು ಈಚ್ ಹಿಸ್ ಓನ್’ ಚಿತ್ರದಲ್ಲಿ ಜೋಡಿ ನೋರಿಸ್ ಎಂಬ ಅವಿವಾಹಿತ ತಾಯಿ. ಹೆತ್ತ ಮಗನನ್ನು ಬೇರೆಯವರ ಮನೆಯಲ್ಲಿ ಬೆಳೆಯಲು ಬಿಟ್ಟು, ಅವನಿಗೆ ತಾನಾರೆಂದು ಹೇಳಲಾರದೆ ವರ್ಷಗಳನ್ನು ಕಳೆಯುವವಳು. ಹಳ್ಳಿಯ ಹುಡುಗಿಯಿಂದ ಲಂಡನ್ನಿನ ಒರಟು ನಡುವಯಸ್ಸಿನವರೆಗೆ ಸುಮಾರು ಮೂರು ದಶಕದ ಬದುಕು. ವಯಸ್ಸನ್ನು ಬರಿಯ ಮೇಕಪ್ಪಿನಿಂದ ತರದೆ, ಚಿತ್ರೀಕರಣ ಮುಂದುವರಿದಂತೆ ಮೈ ತೂಕ ಹೆಚ್ಚಿಸಿಕೊಂಡು, ದನಿಯನ್ನೂ ನಡಿಗೆಯನ್ನೂ ಬದಲಿಸಿಕೊಂಡರು. ಮೊದಲ ಆಸ್ಕರ್ ಬಂತು. ಅದೇ ವರ್ಷ ‘ದಿ ಡಾರ್ಕ್ ಮಿರರ್’ ಚಿತ್ರದಲ್ಲಿ ಅವಳಿ ಸೋದರಿಯರು, ಒಬ್ಬಳು ಸಾಧು, ಒಬ್ಬಳು ಕೊಲೆಗಾತಿ.

ಒಬ್ಬರು: 1948ರ ‘ದಿ ಸ್ನೇಕ್ ಪಿಟ್’ ನೋಡಿದವರಿಗೆ ರಾಬಿನ್ ಹುಡ್‌ನ ಮೇರಿಯನ್ ಇವರೇ ಎಂದು ನಂಬುವುದು ಕಷ್ಟ.

ಮತ್ತೊಬ್ಬರು: ಮೇರಿ ಜೇನ್ ವಾರ್ಡ್ ತಾವು ಮಾನಸಿಕ ಆಸ್ಪತ್ರೆಯಲ್ಲಿ ಕಳೆದ ದಿನಗಳ ಆಧಾರದ ಮೇಲೆ ಬರೆದ ಕಾದಂಬರಿ ಅದರ ಮೂಲ. ಹುಚ್ಚರನ್ನು ಹಾವಿನ ಗುಂಡಿಗೆ ಎಸೆದರೆ ಬುದ್ಧಿ ನೆಟ್ಟಗಾಗುತ್ತದೆ ಎಂಬ ಹಳೆಯ ನಂಬಿಕೆಯಿಂದ ಆ ಹೆಸರು ಬಂದಿದೆ. ನಿರ್ದೇಶಕ ಅನಾಟೊಲ್ ಲಿಟ್ವಾಕ್ ತಂಡವನ್ನು ಮಾನಸಿಕ ಆಸ್ಪತ್ರೆಗಳಿಗೆ ಕರೆದೊಯ್ದರು. ಒಲಿವಿಯಾ ರೋಗಿಗಳನ್ನೂ ಚಿಕಿತ್ಸೆಯ ಕ್ರಮವನ್ನೂ ಹತ್ತಿರದಿಂದ ಕಂಡರು. ವರ್ಜಿನಿಯಾ ಕನ್ನಿಂಗ್‌ಹ್ಯಾಮ್ ಪಾತ್ರದಲ್ಲಿ ಚೆಲುವಿನ ಗುರುತೇ ಇಲ್ಲ: ಕೆದರಿದ ಕೂದಲು, ಬಡಕಲು ಮೈ, ತಾನು ಎಲ್ಲಿದ್ದೇನೆಂದು ತಿಳಿಯದ ನೋಟ. ಆದರೆ ನಟನೆಯ ಹೆಚ್ಚುಗಾರಿಕೆ ಆ ವೇಷದಲ್ಲಿಲ್ಲ. ವರ್ಜಿನಿಯಾಗೆ ನಡುನಡುವೆ ತಿಳಿವು ಮೂಡುತ್ತದೆ, ಹಾಸ್ಯಪ್ರಜ್ಞೆ ಇಣುಕುತ್ತದೆ, ಪಕ್ಕದ ರೋಗಿಯ ಮೇಲೆ ಕರುಣೆ ಹುಟ್ಟುತ್ತದೆ. ಕಾಯಿಲೆಯ ಒಳಗೂ ಒಬ್ಬ ಬುದ್ಧಿವಂತ ಹೆಣ್ಣು ಇದ್ದಾಳೆ ಎಂಬುದನ್ನು ನೋಡುಗ ಒಂದು ಕ್ಷಣವೂ ಮರೆಯುವುದಿಲ್ಲ. ತುಂಬಿ ತುಳುಕುವ ವಾರ್ಡುಗಳು, ವಿದ್ಯುತ್ ಆಘಾತದ ಚಿಕಿತ್ಸೆ, ಸಿಬ್ಬಂದಿಯ ನಿರ್ದಯೆ ಇವನ್ನೆಲ್ಲ ದೊಡ್ಡ ಸ್ಟುಡಿಯೊದ ಚಿತ್ರವೊಂದು ತೋರಿಸಿ ಅಮೆರಿಕದಲ್ಲಿ ಸರ್ಕಾರಿ ಆಸ್ಪತ್ರೆಗಳ ಸ್ಥಿತಿಯ ಚರ್ಚೆಗೆ ಬಲ ಕೊಟ್ಟಿತು. ಮತ್ತೊಂದು ನಾಮನಿರ್ದೇಶನ ಬಂತು. ಪ್ರಶಸ್ತಿ ಜೇನ್ ವೈಮನ್ ಪಾಲಾಯಿತು.

ಒಬ್ಬರು: ಅವರ ಅತ್ಯುತ್ತಮ ಚಿತ್ರ ಅದೇ, ಅಥವಾ ‘ದಿ ಎರೆಸ್’?

ಮತ್ತೊಬ್ಬರು: ‘ದಿ ಎರೆಸ್’, ಅನುಮಾನವಿಲ್ಲ. ಹೆನ್ರಿ ಜೇಮ್ಸ್‌ರ ‘ವಾಷಿಂಗ್ಟನ್ ಸ್ಕ್ವೇರ್’ ಕಾದಂಬರಿಯನ್ನು ರೂತ್ ಮತ್ತು ಅಗಸ್ಟಸ್ ಗೋಯೆಟ್ಜ್ ದಂಪತಿ ನಾಟಕ ಮಾಡಿದ್ದರು. ನ್ಯೂಯಾರ್ಕಿನಲ್ಲಿ ಅದನ್ನು ನೋಡಿದ ಒಲಿವಿಯಾ ತಾವಾಗಿಯೇ ನಿರ್ದೇಶಕ ವಿಲಿಯಂ ವೈಲರ್‌ರನ್ನು ಸಂಪರ್ಕಿಸಿದರು. ಸ್ಟುಡಿಯೊ ಕೊಟ್ಟ ಪಾತ್ರವಲ್ಲ, ನಟಿ ಹುಡುಕಿ ತಂದ ಪಾತ್ರ. ಕ್ಯಾಥರೀನ್ ಸ್ಲೋಪರ್ ಶ್ರೀಮಂತ ವೈದ್ಯನ ಒಬ್ಬಳೇ ಮಗಳು. ರೂಪವಿಲ್ಲ, ಮಾತಿನ ಚುರುಕಿಲ್ಲ. ತೀರಿಹೋದ ಹೆಂಡತಿಯ ಜೊತೆ ಹೋಲಿಸಿ ಹೋಲಿಸಿ ತಂದೆ ಮಗಳನ್ನು ಸವೆಸುತ್ತಾನೆ. ಮಾರಿಸ್ ಎಂಬ ಚೆಲುವ ಪ್ರೀತಿಸುತ್ತೇನೆಂದು ಬರುತ್ತಾನೆ. ಅವನ ಕಣ್ಣು ಆಸ್ತಿಯ ಮೇಲೆ ಎಂದು ತಂದೆ ಹೇಳುತ್ತಾನೆ. ಓಡಿಹೋಗಲು ಗೊತ್ತುಮಾಡಿದ ರಾತ್ರಿ, ಆಸ್ತಿ ಬರುವುದಿಲ್ಲವೆಂದು ತಿಳಿದ ಮಾರಿಸ್ ಬರುವುದಿಲ್ಲ.

ಒಬ್ಬರು: ಬೆಳಗಾಗುವವರೆಗೆ ಕಾದು, ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವ ದೃಶ್ಯ.

ಮತ್ತೊಬ್ಬರು: ಆ ದೃಶ್ಯವನ್ನು ವೈಲರ್ ಮತ್ತೆ ಮತ್ತೆ ತೆಗೆಸಿದರು, ಒಂದೂ ಸರಿಬರಲಿಲ್ಲ. ಸುಸ್ತಾದ ಒಲಿವಿಯಾ ಸಿಟ್ಟಿನಿಂದ ಸೂಟ್‌ಕೇಸನ್ನು ಎಸೆದರು. ಆಗ ಗೊತ್ತಾಯಿತು, ಅದು ಖಾಲಿ. ವೈಲರ್ ಅದರೊಳಗೆ ಭಾರದ ಪುಸ್ತಕಗಳನ್ನು ತುಂಬಿಸಿ ಮತ್ತೆ ಹತ್ತಿಸಿದರು. ತೆರೆಯ ಮೇಲೆ ಕಾಣುವುದು ಆ ನಿಜವಾದ ಭಾರ. ವರ್ಷಗಳು ಕಳೆದು ತಂದೆ ಸತ್ತ ಮೇಲೆ ಮಾರಿಸ್ ಮತ್ತೆ ಬರುತ್ತಾನೆ. ಹೊರಡೋಣವೆಂದು ಕ್ಯಾಥರೀನ್ ಒಪ್ಪಿದಂತೆ ನಟಿಸಿ, ಅವನು ಬಂದು ಬಾಗಿಲು ಬಡಿಯುವಾಗ ಒಳಗಿನಿಂದ ಚಿಲಕ ಹಾಕಿಸಿ, ದೀಪ ಹಿಡಿದು ಅದೇ ಮೆಟ್ಟಿಲು ಹತ್ತುತ್ತಾಳೆ. ಕಾದಂಬರಿಯಲ್ಲಿ ಈ ಸೇಡಿಲ್ಲ. ಅಲ್ಲಿ ಅವಳು ಅವನನ್ನು ಮಾತಿನಲ್ಲೇ ಕಳುಹಿಸಿ ತನ್ನ ಕಸೂತಿಗೆ ಮರಳುತ್ತಾಳೆ, ಅದರ ತಣ್ಣನೆಯ ನೋವೇ ಬೇರೆ. ಸಿನಿಮಾ ನಾಟಕದ ಮುಕ್ತಾಯವನ್ನು ತೆಗೆದುಕೊಂಡಿತು. ಒಲಿವಿಯಾ ಅಲ್ಲಿ ದನಿಯನ್ನೇ ಬದಲಿಸಿದ್ದಾರೆ. ಮೊದಲರ್ಧದಲ್ಲಿ ತಡವರಿಸುವ ಎಳೆಯ ದನಿ, ಕೊನೆಗೆ ತಗ್ಗಿದ, ಏರಿಳಿತವಿಲ್ಲದ ದನಿ. ತಗ್ಗಿದ ದನಿ ಮೆಲನಿಗೂ ಇತ್ತು. ಅಲ್ಲಿ ಬೆಚ್ಚಗಿದ್ದದ್ದು ಇಲ್ಲಿ ಹೆಪ್ಪುಗಟ್ಟಿದೆ. 1949ರ ಈ ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು. ಒಲಿವಿಯಾಗೆ ಎರಡನೆಯದು, ಆರನ್ ಕಾಪ್ಲೆಂಡ್‌ಗೆ ಸಂಗೀತದ್ದು.

ಒಬ್ಬರು: ಇದರ ನಡುವೆ ರಾಜಕೀಯದ ಒಂದು ಪ್ರಸಂಗವೂ ಇದೆ.

ಮತ್ತೊಬ್ಬರು: 1946ರದು. ಹಾಲಿವುಡ್ ಕಲಾವಿದರ ಉದಾರವಾದಿ ಸಂಘಟನೆಯೊಂದರಲ್ಲಿ ಒಲಿವಿಯಾ ಇದ್ದರು. ಸಿಯಾಟಲ್‌ನ ಸಭೆಗೆ ಚಿತ್ರಕಥೆಗಾರ ಡಾಲ್ಟನ್ ಟ್ರಂಬೊ ಭಾಷಣ ಬರೆದುಕೊಟ್ಟರು. ಅದು ಸೋವಿಯತ್ ಪರ ವಾಲಿದೆ ಎನಿಸಿ ಒಲಿವಿಯಾ ಆ ಭಾಗ ತೆಗೆದು ಬೇರೆ ಮಾತು ಸೇರಿಸಿದರು. ಸಂಘಟನೆ ಕಮ್ಯುನಿಸಂ ವಿರುದ್ಧ ಮಾತಾಡಬೇಕೇ ಬೇಡವೇ ಎಂಬ ಒಳಜಗಳದಲ್ಲಿ ಅವರ ಪಕ್ಷದಲ್ಲಿದ್ದವರಲ್ಲಿ ಒಬ್ಬರು ಹಳೆಯ ಸಹನಟ ರೊನಾಲ್ಡ್ ರೇಗನ್. ಕೊನೆಗೆ ಇಬ್ಬರೂ ಹೊರಬಂದರು.

ಒಬ್ಬರು: 1949ರ ನಂತರ ಚಿತ್ರಗಳು ವಿರಳವಾದವು.

ಮತ್ತೊಬ್ಬರು: ಬದುಕು ಬೇರೆ ದಿಕ್ಕು ಹಿಡಿಯಿತು. 1946ರಲ್ಲಿ ಲೇಖಕ ಮಾರ್ಕಸ್ ಗುಡ್‌ರಿಚ್‌ರನ್ನು ಮದುವೆಯಾಗಿದ್ದರು, 1949ರಲ್ಲಿ ಮಗ ಬೆಂಜಮಿನ್ ಹುಟ್ಟಿದ. ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಚಿತ್ರದ ಬ್ಲಾಂಶ್ ಪಾತ್ರವನ್ನು ಬಿಟ್ಟುಕೊಟ್ಟರು. ಅದರಲ್ಲಿ ನಟಿಸಿ ಆಸ್ಕರ್ ಪಡೆದವರು ವಿವಿಯನ್ ಲೀ, ಅಂದರೆ ಹಿಂದಿನ ಸ್ಕಾರ್ಲೆಟ್. ರಂಗಭೂಮಿಗೆ ಮರಳಿ ಜೂಲಿಯೆಟ್, ಕ್ಯಾಂಡಿಡಾ ಪಾತ್ರ ಮಾಡಿದರು.  1952ರ ‘ಮೈ ಕಸಿನ್ ರೇಚೆಲ್’ ಚಿತ್ರದಲ್ಲಿ ರಿಚರ್ಡ್ ಬರ್ಟನ್ ಎದುರು ನಟಿಸಿದರು. ವಿಚ್ಛೇದನದ ನಂತರ 1955ರಲ್ಲಿ ‘ಪ್ಯಾರಿ ಮ್ಯಾಚ್’ ಪತ್ರಿಕೆಯ ಪಿಯರ್ ಗಲಾಂಟ್‌ರನ್ನು ಮದುವೆಯಾಗಿ ಪ್ಯಾರಿಸ್ಸಿನಲ್ಲಿ ನೆಲೆಸಿದರು. ಮರುವರ್ಷ ಮಗಳು ಜಿಸೆಲ್ ಹುಟ್ಟಿದಳು. ಫ್ರೆಂಚರ ನಡುವೆ ಸಂಸಾರ ಹೂಡಿದ ಅನುಭವವನ್ನು 1962ರಲ್ಲಿ ಲಘುಹಾಸ್ಯದ ಪುಸ್ತಕವಾಗಿ ಬರೆದರು.

ಒಬ್ಬರು: 1964ರ ‘ಹಶ್... ಹಶ್, ಸ್ವೀಟ್ ಶಾರ್ಲಟ್’ ಮಾತ್ರ ಮರೆಯುವಂಥದ್ದಲ್ಲ.

ಮತ್ತೊಬ್ಬರು: ಜೋನ್ ಕ್ರಾಫರ್ಡ್ ಕಾಯಿಲೆಯಿಂದ ಬಿಟ್ಟ ಪಾತ್ರಕ್ಕೆ ನಿರ್ದೇಶಕ ರಾಬರ್ಟ್ ಆಲ್ಡ್ರಿಚ್ ಸ್ವಿಟ್ಜರ್ಲೆಂಡಿಗೆ ಹೋಗಿ ಇವರನ್ನು ಒಪ್ಪಿಸಿದರು. ಎದುರು ಬೆಟಿ ಡೇವಿಸ್. ನಯವಾದ ನಗುವಿನ ಹಿಂದೆ ಕೇಡು ಬಚ್ಚಿಟ್ಟ ಸೋದರ ಸಂಬಂಧಿಯ ಪಾತ್ರ. ಪ್ರೇಕ್ಷಕರು ಮೆಲನಿಯ ಮುಖವನ್ನು ನಂಬಿದ್ದರಿಂದಲೇ ಆ ಕೇಡು ಮೈ ನಡುಗಿಸುತ್ತದೆ. ಮರುವರ್ಷ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷರಾದರು, ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು. ಆಮೇಲಿನದು ಹೆಚ್ಚಾಗಿ ಟೆಲಿವಿಷನ್. 1986ರಲ್ಲಿ ಮಾಡಿದ ರಷ್ಯಾದ ರಾಜಮಾತೆಯ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಬಂತು. 1988ರ ನಂತರ ನಟಿಸಲಿಲ್ಲ. 1991ರಲ್ಲಿ ಮಗ ತೀರಿಕೊಂಡ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ಪದಕ, 2010ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್, 2017ರಲ್ಲಿ ಬ್ರಿಟನ್ನಿನ ಡೇಮ್ ಪದವಿ ಬಂದವು.

ಒಬ್ಬರು: ಅಷ್ಟರಲ್ಲಿ 2855ನೇ ಕಲಮು ಎಲ್ಲಿಗೆ ಮುಟ್ಟಿತ್ತು?

ಮತ್ತೊಬ್ಬರು: ಸಂಗೀತದವರೆಗೆ. ಧ್ವನಿಮುದ್ರಣ ಕಂಪನಿಗಳ ಒತ್ತಾಯದಿಂದ 1987ರಲ್ಲಿ ಗಾಯಕರ ಮಟ್ಟಿಗೆ ಕಲಮನ್ನು ತಿದ್ದಿ, ಒಪ್ಪಿದಷ್ಟು ಆಲ್ಬಂ ಕೊಡದೆ ಹೊರಟರೆ ನಷ್ಟ ಕೇಳುವ ಹಕ್ಕು ಕೊಡಲಾಯಿತು. ಆದರೂ ಬಲ ಪೂರ್ತಿ ಹೋಗಲಿಲ್ಲ. ‘ಥರ್ಟಿ ಸೆಕೆಂಡ್ಸ್ ಟು ಮಾರ್ಸ್’ ಬ್ಯಾಂಡಿನ ಮೇಲೆ ಅದರ ಕಂಪನಿ 2008ರಲ್ಲಿ ಕೋಟಿಗಟ್ಟಲೆ ಡಾಲರ್ ದಾವೆ ಹೂಡಿದಾಗ ಬ್ಯಾಂಡು ಆಶ್ರಯಿಸಿದ್ದು ಈ ಏಳು ವರ್ಷದ ನಿಯಮವನ್ನು. ಮುಂದಿನ ವರ್ಷ ರಾಜಿಯಾಯಿತು. ಬ್ಯಾಂಡಿನ ಗಾಯಕ, ನಟ ಜೇರೆಡ್ ಲೆಟೊ ಒಲಿವಿಯಾರನ್ನು ಬಹಿರಂಗವಾಗಿ ಕೃತಜ್ಞತೆಯಿಂದ ನೆನೆದರು.

ಒಬ್ಬರು: ಕೋರ್ಟಿನ ಮೆಟ್ಟಿಲನ್ನು ಅವರು ಇನ್ನೊಮ್ಮೆ ಹತ್ತಿದರು.

ಮತ್ತೊಬ್ಬರು: 2017ರ ಜೂನ್ 30ರಂದು, 101 ತುಂಬುವ ಹಿಂದಿನ ದಿನ. ಬೆಟಿ ಡೇವಿಸ್ ಮತ್ತು ಜೋನ್ ಕ್ರಾಫರ್ಡ್ ಜಗಳದ ಮೇಲೆ ಎಫ್‌ಎಕ್ಸ್ ವಾಹಿನಿ ಮಾಡಿದ ‘ಫ್ಯೂಡ್’ ಧಾರಾವಾಹಿಯಲ್ಲಿ ಒಲಿವಿಯಾ ಪಾತ್ರವನ್ನು ಕ್ಯಾಥರೀನ್ ಜೀಟಾ ಜೋನ್ಸ್ ಮಾಡಿದ್ದರು. ತಮ್ಮ ಅನುಮತಿ ಕೇಳಿಲ್ಲ, ಆಡದ ಮಾತುಗಳನ್ನು ಬಾಯಿಗೆ ಹಾಕಿ ಚಾಡಿಕೋರಳಂತೆ ತೋರಿಸಿದ್ದಾರೆ ಎಂಬುದು ದೂರು. ಮೊದಲ ನ್ಯಾಯಾಲಯ ವಿಚಾರಣೆಗೆ ಅವಕಾಶ ಕೊಟ್ಟಿತು. 2018ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ, ನಿಜ ವ್ಯಕ್ತಿಗಳ ಬದುಕನ್ನು ಕಲೆಯಾಗಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೇ ಬರುತ್ತದೆಂದು ದಾವೆಯನ್ನು ತಳ್ಳಿಹಾಕಿತು. 1944ರಲ್ಲಿ ಅವರನ್ನು ಬಿಡುಗಡೆ ಮಾಡಿದ್ದ ಎರಡನೇ ಜಿಲ್ಲೆಯ ನ್ಯಾಯಾಲಯವೇ ಅದು. 2019ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಎತ್ತಿಕೊಳ್ಳಲಿಲ್ಲ.

ಒಬ್ಬರು: ಆ ಸಲದ ತೀರ್ಪು ತಪ್ಪೆ?

ಮತ್ತೊಬ್ಬರು: ತಪ್ಪೆನ್ನಲಾಗದು. ಜೀವಂತ ಇರುವವರ ಒಪ್ಪಿಗೆಯಿಲ್ಲದೆ ಕಥೆ ಹೇಳಬಾರದು ಎಂದಾದರೆ ಇತಿಹಾಸದ ಮೇಲೆ ಸಿನಿಮಾ ಮಾಡುವುದೇ ಕಷ್ಟ. ಆದರೆ ನೂರು ದಾಟಿದ ಹೆಂಗಸೊಬ್ಬರು ತಾವು ಆಡದ ಮಾತಿನ ಬಗ್ಗೆ ಇದು ತನ್ನದಲ್ಲ ಎಂದು ಹೇಳಲು ನ್ಯಾಯಾಲಯದವರೆಗೆ ಹೋದದ್ದು ಅವರ ಉಳಿದ ಬದುಕಿಗೆ ಸರಿಯಾಗಿ ಹೊಂದುತ್ತದೆ.

ಒಬ್ಬರು: ‘ಗಾನ್ ವಿತ್ ದಿ ವಿಂಡ್’ನ ನಾಲ್ವರು ಮುಖ್ಯರಲ್ಲಿ ಕಥೆಯೊಳಗೆ ಸಾಯುವವಳು ಮೆಲನಿ ಒಬ್ಬಳೇ.

ಮತ್ತೊಬ್ಬರು: ಹೊರಗೆ ನಡೆದದ್ದು ಅದರ ತಿರುವು ಮುರುವು. ಆಶ್ಲಿ ಪಾತ್ರದ ಲೆಸ್ಲಿ ಹೊವರ್ಡ್ 1943ರಲ್ಲಿ ಯುದ್ಧವಿಮಾನಗಳ ದಾಳಿಗೆ ಸಿಕ್ಕಿ ಸತ್ತರು. ನಾಯಕ ಕ್ಲಾರ್ಕ್ ಗೇಬಲ್ 1960ರಲ್ಲಿ, ವಿವಿಯನ್ ಲೀ 1967ರಲ್ಲಿ ಹೋದರು. ಒಲಿವಿಯಾ ಅದಾದ ಮೇಲೆ ಇನ್ನೂ ಐವತ್ಮೂರು ವರ್ಷ ಬದುಕಿದ್ದರು. 2020ರ ಜುಲೈ 26ರಂದು, 104 ತುಂಬಿದ ತಿಂಗಳಲ್ಲಿ, ಪ್ಯಾರಿಸ್ಸಿನ ತಮ್ಮ ಮನೆಯಲ್ಲಿ ನಿದ್ದೆಯಲ್ಲಿಯೇ ತೀರಿಕೊಂಡರು.